ಮೂರನೇ ಮಹಡಿಯ ದಾರದ ಹಲಗೆ

14 ಜೂನ್ 2021

ಅತ್ತೆ,

ಕೆಲಸ ಸಿಕ್ಕಿತು! ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಪತ್ರವನ್ನು ಕೊನೆಯಿಂದ ಓದಲು ಶುರು ಮಾಡುತ್ತೀ. ಫೋನಿನಲ್ಲಾದರೆ ಒಂದು ನಿಮಿಷದ ಮಾತು. ಆದರೆ ಇಪ್ಪತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡವಳು ಇನ್ನು ಆ ಕರಿ ಡಬ್ಬಿಯನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಕೂತಿದ್ದೀಯಲ್ಲ. ಅಪ್ಪನ ತಂಗಿ ಎಂದ ಮೇಲೆ ಹಟಕ್ಕೇನು ಕಮ್ಮಿ.

ಜಾಗ ಹೀಗಿದೆ: ಐದು ಮಹಡಿಯ ಕಟ್ಟಡದಲ್ಲಿ ಮೂರನೆಯದು ಪೂರ್ತಿ ನಮ್ಮದು. ಉದ್ದನೆಯ ಹಾಲ್, ನಲವತ್ತೆಂಟು ಮೇಜು. ಸ್ವಂತ ಆಫೀಸು ಇಲ್ಲದವರು ದಿನಕ್ಕೋ ತಿಂಗಳಿಗೋ ಒಂದು ಮೇಜು ಹಿಡಿದು ಕೆಲಸ ಮಾಡಿಕೊಂಡು ಹೋಗುತ್ತಾರೆ. ನಾನು ಬಾಗಿಲ ಬಳಿಯ ಮೇಜಿನಲ್ಲಿ ಕೂತು, ಬಂದವರಿಗೆ ಇಂದು ನಿಮ್ಮ ಜಾಗ ಇದು ಎಂದು ತೋರಿಸಬೇಕು. ಯಜಮಾನರು ಒಳ್ಳೆಯವರೇ, ಆದರೆ ಏನು ಕೇಳಿದರೂ "ಮುಂದಿನ ವಾರ ನೋಡೋಣ" ಎನ್ನುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ಹಿಂದಿನಿಂದ ಮುಂದಿನವಾರ ಎಂದೇ ಕರೆಯುವುದು.

ಮೊದಲ ವಾರ ನನಗೆ ಸಾಕುಬೇಕಾಯಿತು. ಫೋನಿನಲ್ಲಿ ಸಿಡಿಲು ಹೊಡೆದಂತೆ ಮಾತಾಡುವ ವಕೀಲರನ್ನು ಒಬ್ಬ ಅನುವಾದಕಿಯ ಪಕ್ಕ ಕೂರಿಸಿದೆ. ಆಕೆ ಅರ್ಧ ಗಂಟೆಯಲ್ಲಿ ಚೀಲ ಎತ್ತಿಕೊಂಡು ಬಂದು "ಏನಮ್ಮಾ, ನನ್ನ ಮೇಲೆ ನಿನಗೇನು ದ್ವೇಷ?" ಎಂದಳು. ಆಗ ನಿನ್ನ ಮಾತು ನೆನಪಾಯಿತು. ಯಾವ ತಂತಿ ಯಾರದ್ದು ಎಂದು ನೋಡಿದ ಕೂಡಲೇ ತಿಳಿಯಲಿ ಎಂದು ಎಕ್ಸ್‌ಚೇಂಜಿನಲ್ಲಿ ನೀವೆಲ್ಲ ಬಣ್ಣದ ದಾರ ಕಟ್ಟುತ್ತಿದ್ದಿರಂತಲ್ಲ, ಆಸ್ಪತ್ರೆಗೆ ಕೆಂಪು, ಅಂಗಡಿಗೆ ಹಳದಿ ಎಂದು. ಮುರಿದ ಬೀರುವಿನ ಬಾಗಿಲೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಗೋಡೆಗೆ ನಿಲ್ಲಿಸಿ ನಲವತ್ತೆಂಟು ಮೊಳೆ ಹೊಡೆದೆ. ಒಂದು ಮೊಳೆ ಎಂದರೆ ಒಂದು ಮೇಜು. ಪ್ರತಿಯೊಬ್ಬರಿಗೂ ಒಂದು ದಾರ. ಜೋರು ಮಾತಿನವರಿಗೆ ಕೆಂಪು, ಸದ್ದೇ ಆಗದವರಿಗೆ ನೀಲಿ, ಕೂತಲ್ಲಿ ಕೂರದೆ ಓಡಾಡುವವರಿಗೆ ಹಳದಿ, ನೋಡಲು ಜನ ಬರುವವರಿಗೆ ಹಸಿರು. ಕೆಂಪಿನ ಸಾಲಿನಲ್ಲಿ ನೀಲಿ ಇಲ್ಲ, ಹಳದಿ ಬಾಗಿಲ ಬಳಿ, ಹಸಿರು ಸೋಫಾದ ಬಳಿ.

ಇನ್ನೂ ಒಂದಿದೆ. ದಾರಕ್ಕೆ ಗಂಟು. ಒಂದೇ ಲೆಕ್ಕದ ಗಂಟು ಇರುವ ಇಬ್ಬರು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ ಕೂರಬಾರದು. ಒಂದೇ ಸರಕು ಮಾರುವ ಇಬ್ಬರು, ಹಳೆಯ ಜಗಳದ ಇಬ್ಬರು, ಹೀಗೆ. ಬೆಳಿಗ್ಗೆ ಬಂದವರ ದಾರ ಮೊಳೆಗೆ ನೇತುಹಾಕಿದರೆ ಮುಗಿಯಿತು. ಒಂದು ವಾರದಿಂದ ಒಂದೂ ತಕರಾರಿಲ್ಲ!

ನಿನ್ನ
ಚೂಟಿ


23 ಜೂನ್ 2021

ಚೂಟಿ,

ಪತ್ರ ಓದಿ ಪಕ್ಕದ ಮನೆಯವಳಿಗೂ ಓದಿ ಹೇಳಿದೆ. ನನ್ನ ಸೋದರ ಸೊಸೆ ದೊಡ್ಡ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ ಏಳಿಸುವವಳು ಎಂದೆ. ಅವಳ ಮುಖ ನೋಡಬೇಕಿತ್ತು.

ದಾರ ಕಟ್ಟುತ್ತಿದ್ದೆವು, ಎಲ್ಲರೂ ಕಟ್ಟುತ್ತಿದ್ದೆವು, ಅದರಲ್ಲೇನು ದೊಡ್ಡದು. ಆದರೆ ಗಂಟು ನಮ್ಮದಲ್ಲ. ಅದು ನಿನ್ನ ತಲೆಯದ್ದು. ಜಾಣೆ ಕಣೇ ನೀನು. ಹೊತ್ತು ಹೊತ್ತಿಗೆ ಊಟ ಮಾಡು.

ಅತ್ತೆ


4 ಸೆಪ್ಟೆಂಬರ್ 2023

ಅತ್ತೆ,

ಈ ಸಲ ನಿಜವಾಗಿ ಸುದ್ದಿ ಇದೆ. ಕಟ್ಟಡ ಕೈ ಬದಲಾಯಿತು. ಹೊಸ ಮಾಲೀಕರು ಟೆಕ್ನಾಲಜಿ ಕಂಪನಿಗಳಿಗೆ ಮಾತ್ರ ಜಾಗ ಕೊಡುತ್ತಾರಂತೆ, ಉಳಿದವರು ವರ್ಷದ ಕೊನೆಗೆ ಖಾಲಿ ಮಾಡಬೇಕಂತೆ. ನಮ್ಮ ಯಜಮಾನರು, ಅದೇ "ಮುಂದಿನವಾರ", ಒಂದು ದಿನ ಮಂಕಾಗಿದ್ದರು. ಎರಡನೇ ದಿನ ಕುರ್ಚಿ ಮೇಲೆ ನಿಂತು, "ಇವತ್ತಿಂದ ನಾವು ಟೆಕ್ನಾಲಜಿ ಕಂಪನಿ!" ಎಂದು ಸಾರಿದರು. ಸಿಡಿಲು ವಕೀಲರು ಫೋನ್ ಕೆಳಗಿಟ್ಟು, "ನಿನ್ನೆವರೆಗೂ ಏನಾಗಿದ್ವಿ ಸಾರ್?" ಎಂದರು. ಹಾಲ್ ತುಂಬ ನಗು.

ಆದರೆ ಅವರು ಸುಮ್ಮನೆ ಹೇಳಿದ್ದಲ್ಲ. ಒಂದು ಆ್ಯಪ್ ಮಾಡಿಸಿದ್ದಾರೆ. ಅದನ್ನು ಬರೆದ ಎಂಜಿನಿಯರ್ ಹದಿನೈದು ದಿನ ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ಇದಕ್ಕೆ ಯಾಕೆ ನೀಲಿ, ಅದಕ್ಕೆ ಯಾಕೆ ಹಸಿರು ಎಂದು ಕೇಳಿ ಕೇಳಿ ಬರೆದುಕೊಂಡ. ಈಗ ಯಾರಾದರೂ ಬಂದು ಮೊಬೈಲ್ ತೋರಿಸಿದರೆ ಸಾಕು, ಪರದೆಯ ಮೇಲೆ ಮೇಜಿನ ಸಂಖ್ಯೆ ಬಣ್ಣದ ಸಮೇತ ಬರುತ್ತದೆ. ನನ್ನದೇ ಬಣ್ಣಗಳು!

ನಾವು ಟೆಕ್ನಾಲಜಿ ಕಂಪನಿ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಉದ್ಯಮ ವರ್ಗೀಕರಣ ಮಂಡಳಿ ಎಂಬುದೊಂದಿದೆ. ಅದಕ್ಕೆ ಹೋಗುವ ಅರ್ಜಿಯನ್ನು ಬರೆಯಲು ಯಜಮಾನರು ನನಗೇ ಹೇಳಿದ್ದಾರೆ. "ನಿನ್ನಷ್ಟು ಚೆನ್ನಾಗಿ ಯಾರಿಗೂ ಬರೆಯೋಕೆ ಬರಲ್ಲಮ್ಮ" ಎಂದರು. ಕಾಲು ನೆಲದ ಮೇಲಿಲ್ಲ ಅತ್ತೆ ನನಗೆ. ನೀನೇನು ಹೇಳುತ್ತೀ?

ಚೂಟಿ


12 ಸೆಪ್ಟೆಂಬರ್ 2023

ಚೂಟಿ,

ನಾನೇನು ಹೇಳುವುದು. ಮೇಜು ಬಾಡಿಗೆಗೆ ಕೊಡುವವನು ಟೆಕ್ನಾಲಜಿ ಕಂಪನಿಯಾದರೆ ನಮ್ಮ ಬೀದಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುವವನು ವಿಜ್ಞಾನಿಯೇ ಸೈ. ಮದುವೆಗೆ ಕುರ್ಚಿ ಪಾತ್ರೆ ಕೊಡುವವನಿಗೂ ಒಂದು ಅರ್ಜಿ ಬರೆದುಕೊಡು.

ತಮಾಷೆ ಅತ್ತ ಇರಲಿ. ಅರ್ಜಿಯಲ್ಲಿ "ಜಾಗ ಹಂಚುವುದನ್ನೆಲ್ಲ ಆ್ಯಪ್ ಮಾಡುತ್ತದೆ" ಎಂದು ನಿನ್ನ ಕೈಯಾರೆ ಬರೆದಿದ್ದೀಯಾ? ಬರೆದಿದ್ದರೆ, ನಾಳೆ ನಿನ್ನನ್ನು ಅಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ? ಅರ್ಜಿಯಲ್ಲಿ ನಿನ್ನ ಹೆಸರು ಎಲ್ಲಿದೆ? ಆ ಎಂಜಿನಿಯರ್ ಬರೆದುಕೊಂಡ ಪುಸ್ತಕದಲ್ಲಿ ನಿನ್ನ ಹೆಸರು ಎಲ್ಲಿದೆ? ಹೊಗಳಿಕೆ ಕೇಳಿದರೆ ಸಾಕು, ಉಬ್ಬಿಹೋಗುತ್ತೀ.

ಅತ್ತೆ


20 ಸೆಪ್ಟೆಂಬರ್ 2023

ಅತ್ತೆ,

ನಿನ್ನ ಪತ್ರ ಓದಿ ಬೇಜಾರಾಯಿತು. ನಾನೊಂದು ಖುಷಿಯ ಸುದ್ದಿ ಬರೆದರೆ ನೀನು ಅದರಲ್ಲಿ ಹುಳುಕು ಹುಡುಕಿದೆ. ಹೊಸದೆಂದರೆ ನಿನಗೆ ಭಯ. ಎಕ್ಸ್‌ಚೇಂಜಿನ ಕಾಲದಲ್ಲೇ ನಿಂತುಬಿಟ್ಟಿದ್ದೀ. ಈ ಮಹಡಿ ಉಳಿದರೆ ಇಲ್ಲಿ ಕೂರುವ ನಲವತ್ತೆಂಟು ಜನರೂ ಉಳಿಯುತ್ತಾರೆ, ಅದು ನಿನಗೆ ಕಾಣಲಿಲ್ಲವಾ?

ಇನ್ನೊಂದು ಮಾತು, ಸಿಟ್ಟು ಮಾಡಿಕೊಳ್ಳಬೇಡ. ಕಣ್ಣು ನೋವೆಂದು ನೀನಾಗಿಯೇ ಕೆಲಸ ಬಿಟ್ಟು ಮನೆಗೆ ಬಂದವಳು ನೀನು. ನಾನು ಹಾಗೆಲ್ಲ ಬಿಟ್ಟು ಬರುವವಳಲ್ಲ.

ಚೂಟಿ


2 ಅಕ್ಟೋಬರ್ 2023

ಚೂಟಿ,

ನಿನ್ನ ಪತ್ರ ತಲುಪಿತು. ಕಣ್ಣಿಗೆ ಈಗ ನೋವಿಲ್ಲ.

ಅರ್ಜಿಯ ಕೊನೆಯ ಪುಟವನ್ನು ಒಮ್ಮೆ ತೆಗೆದು ಓದಿ ನೋಡು. ಇಂಥವರು ಮುಖ್ಯವಾದದ್ದನ್ನು ಅಲ್ಲೇ ಇಡುವುದು.

ಅತ್ತೆ


9 ಅಕ್ಟೋಬರ್ 2023

ಅತ್ತೆ,

ತಪ್ಪಾಯಿತು. ಕಾಲಿಗೆ ಬೀಳೋಣವೆಂದರೆ ನೀನು ಅಷ್ಟು ದೂರದಲ್ಲಿದ್ದೀ.

ಕೊನೆಯ ಪುಟ ನಾನು ಬರೆದದ್ದಲ್ಲ, ಯಜಮಾನರೇ ಟೈಪ್ ಮಾಡಿಸಿ ಸೇರಿಸಿದ್ದು. ಫೈಲು ಕೇಳಿ ತೆಗೆದು ಓದಿದೆ. "ಆ್ಯಪ್ ಪೂರ್ತಿ ಜಾರಿಗೆ ಬಂದ ಮೇಲೆ ಮುಂಭಾಗದ ಮೇಜು ಇರುವುದಿಲ್ಲ, ಅಲ್ಲಿನ ಹುದ್ದೆಯೂ ಇರುವುದಿಲ್ಲ." ನನ್ನ ಕೈಬರಹದ ಹನ್ನೊಂದು ಪುಟ ಮುಗಿದ ಕೂಡಲೇ ಆ ಸಾಲು. ನನ್ನ ಗುಂಡಿ ನಾನೇ ತೋಡಿಕೊಂಡೆ, ಅದೂ ದುಂಡಗಿನ ಅಕ್ಷರದಲ್ಲಿ.

ಕೇಳಿದೆ. ಕೇಳದೆ ಇರುತ್ತೇನಾ? "ಅಯ್ಯೋ, ಅದು ಸುಮ್ನೆ ಒಂದು ಮಾತಿಗೆ ಹಾಕಿರೋದಮ್ಮ. ಮುಂದಿನ ವಾರ ಕೂತು ಮಾತಾಡೋಣ" ಎಂದರು.

ಇಪ್ಪತ್ತಾರನೇ ತಾರೀಕು ಮಂಡಳಿಯ ಪರೀಕ್ಷಕಿ ಬರುತ್ತಾಳೆ. ಲೆಕ್ಕವೆಲ್ಲ ಆ್ಯಪಿನದ್ದಲ್ಲ, ನನ್ನ ಹಲಗೆಯದ್ದು ಎಂದು ನಿಜ ಹೇಳಿದರೆ ಮಹಡಿಯೇ ಮುಚ್ಚಬಹುದು. ಸುಮ್ಮನಿದ್ದರೆ ಮಹಡಿ ಉಳಿಯುತ್ತದೆ, ನಾನು ಹೋಗುತ್ತೇನೆ. ಈ ಹಲಗೆಯ ಮುಂದೆ ಕೂತಾಗ ನಾನು ಯಾರಿಗೋ ಬೇಕಾದವಳು ಅನಿಸುತ್ತದೆ ಅತ್ತೆ. ನನಗೆ ಇದು ಬಿಟ್ಟು ಹೋಗಲು ಮನಸ್ಸಿಲ್ಲ. ಏನು ಮಾಡಲಿ?

ಚೂಟಿ


14 ಅಕ್ಟೋಬರ್ 2023

ಚೂಟಿ,

ಅಳುವುದನ್ನು ನಿಲ್ಲಿಸಿ ಓದು.

ಹಲಗೆಯನ್ನು ಗೋಡೆಯಿಂದ ಇಳಿಸಲು ಹೇಳಿದರೆ ಇಳಿಸಬೇಡ. ಮೊಳೆ ಕಿತ್ತರೆ ಗೋಡೆ ಹಾಳಾಗುತ್ತದೆ ಎನ್ನು. ಪರೀಕ್ಷಕಿ ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡು, ಸುಳ್ಳು ಮಾತ್ರ ಬೇಡ. ನಿನ್ನ ಪತ್ರಗಳಲ್ಲಿ ಒಬ್ಬ ದೊಡ್ಡಕ್ಕ ಬರುತ್ತಾಳಲ್ಲ, ಹಾಲ್ ಗುಡಿಸಿ ಒರೆಸುವವಳು, ಅವಳಿಗೆ ಇವತ್ತಿನಿಂದಲೇ ಹಲಗೆ ಹೇಳಿಕೊಡು. ಗಂಟಿನ ಸಮೇತ. ಯಾಕೆ ಎಂದು ಕೇಳುತ್ತೀ. ನೀನೊಬ್ಬಳೇ ಮಾಡಬಲ್ಲೆ ಎಂದರೆ ಅದು ನಿನ್ನ ಚುರುಕುತನ, ಅಷ್ಟೆ. ಇನ್ನೊಬ್ಬಳ ಕೈಯಲ್ಲೂ ಅದು ನಡೆದರೆ ಆಗ ಅದು ವಿದ್ಯೆ, ಅದಕ್ಕೆ ಬೆಲೆ ಇದೆ. ನನಗೆ ಇದು ತಿಳಿಯುವಾಗ ತಡವಾಗಿತ್ತು.

ಅತ್ತೆ


27 ಅಕ್ಟೋಬರ್ 2023

ಅತ್ತೆ, ಅತ್ತೆ, ಅತ್ತೆ!

ಎಲ್ಲಿಂದ ಶುರು ಮಾಡಲಿ! ಪರೀಕ್ಷಕಿ ಹತ್ತಕ್ಕೆ ಬಂದಳು. ಸಣ್ಣ ಆಳು, ತಲೆಗಿಂತ ದೊಡ್ಡ ಕನ್ನಡಕ, ಮಾತು ಬಹಳ ಕಮ್ಮಿ. ಯಜಮಾನರು ಹೊಸ ಕೋಟು ಹಾಕಿಕೊಂಡು, "ಮೇಡಂ, ನಾವು ಮೇಜು ಕೊಡೋದಿಲ್ಲ, ನಾವು ಅನುಭವ ಕೊಡ್ತೀವಿ" ಎಂದರು. "ಮೇಜು ಕಾಣ್ತಾ ಇದೆ. ಅನುಭವ ತೋರಿಸಿ" ಎಂದಳು ಆಕೆ.

ಆ್ಯಪ್ ಶುರುವಾಯಿತು. ನನ್ನನ್ನು ಎದ್ದು ಪಕ್ಕಕ್ಕೆ ನಿಲ್ಲಲು ಹೇಳಿದರು. ಜನ ಬಂದರು, ಮೊಬೈಲ್ ತೋರಿಸಿದರು, ಸಂಖ್ಯೆ ಬಂತು, ಕೂತರು. ಅರ್ಧ ಗಂಟೆ ಬೆಣ್ಣೆಯಂತೆ ನಡೆಯಿತು. ಯಜಮಾನರ ಕೋಟು ಇನ್ನೂ ಸ್ವಲ್ಪ ಉಬ್ಬಿತು. ಆಮೇಲೆ ಸಿಡಿಲು ವಕೀಲರು ಬಂದರು, ಇಪ್ಪತ್ತೆರಡನೇ ಮೇಜು. ಐದು ನಿಮಿಷ ಬಿಟ್ಟು ಇನ್ನೊಬ್ಬ ವಕೀಲೆ ಬಂದಳು, ಅವಳದ್ದೂ ದೊಡ್ಡ ಗಂಟಲು. ಇಪ್ಪತ್ತಮೂರನೇ ಮೇಜು. ಕೆಂಪಿನ ಪಕ್ಕ ಕೆಂಪು, ಆ್ಯಪಿನ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಅಣ್ಣ ತಮ್ಮಂದಿರ ಒಂದೇ ಆಸ್ತಿ ವ್ಯಾಜ್ಯದಲ್ಲಿ ಈಕೆ ಅಣ್ಣನ ಕಡೆ, ಇವರು ತಮ್ಮನ ಕಡೆ! ಇಬ್ಬರ ದಾರಕ್ಕೂ ಎರಡೆರಡು ಗಂಟು ಹಾಕಿ ಎರಡು ವರ್ಷದಿಂದ ಹಾಲಿನ ಆ ತುದಿ ಈ ತುದಿಯಲ್ಲಿ ಕೂರಿಸಿದ್ದೆ ನಾನು. ಮಧ್ಯೆ ಮರದ ತಡಿಕೆ ಇದ್ದದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸಿಡಿಲು ವಕೀಲರು ಫೋನೆತ್ತಿ ಹಾಲಿಗೆಲ್ಲ ಕೇಳುವಂತೆ, "ನಿಜ ಹೇಳಬೇಕಂದ್ರೆ ನಮ್ಮ ಕಡೆ ಸಾಕ್ಷಿನೇ ಇಲ್ಲ ರೀ!" ಎಂದರು. ತಡಿಕೆಯ ಮೇಲಿಂದ ನಿಧಾನವಾಗಿ ಆ ವಕೀಲೆಯ ತಲೆ ಎದ್ದಿತು. "ಹೌದಾ ಸಾರ್? ಥ್ಯಾಂಕ್ಸ್" ಎಂದಳು.

ಅತ್ತೆ, ಆಮೇಲೆ ಆದ ಗಲಾಟೆಯನ್ನು ಬರೆಯಲು ಕಾಗದ ಸಾಲದು. ನೀಲಿ ದಾರದವರೆಲ್ಲ ಕಿವಿ ಮುಚ್ಚಿಕೊಂಡು ಎದ್ದು ನಿಂತರು. ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಪರೀಕ್ಷಕಿ ಎಂಜಿನಿಯರನ್ನು ಕರೆದು ಕೇಳಿದಳು. ಪಾಪ, ಅವನು ಹಲಗೆಯ ಬಳಿ ಹೋಗಿ ದಾರ ಮುಟ್ಟಿ ನೋಡಿ, "ಈ ಗಂಟು... ದಾರ ಮೊಳೆಯಿಂದ ಜಾರದಿರಲಿ ಅಂತ ಹಾಕಿದ್ದು ಅಂದ್ಕೊಂಡಿದ್ದೆ ಮೇಡಂ" ಎಂದ. ಹದಿನೈದು ದಿನ ಬಣ್ಣದ ಬಗ್ಗೆ ಕೇಳಿದವನು ಗಂಟಿನ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ. ಕೇಳದ್ದಕ್ಕೆ ನಾನೂ ಹೇಳಿರಲಿಲ್ಲ.

ಆಗ ಆಕೆ ನನ್ನ ಕಡೆ ತಿರುಗಿ, "ಈ ಹಲಗೆ ಯಾರು ನಡೆಸ್ತಾರೆ?" ಎಂದಳು. "ನಾನು" ಎಂದೆ. "ನೀವಿಲ್ಲದಿದ್ರೆ?" "ದೊಡ್ಡಕ್ಕ" ಎಂದೆ. ಊಟದ ಬಿಡುವಾದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಹೊಸದಾಗಿ ಒಳಗೆ ಬಿಟ್ಟಳು. ನನ್ನನ್ನು ಕಿಟಕಿಯ ಬಳಿ ಹಾಲಿಗೆ ಬೆನ್ನು ಮಾಡಿ ಕೂರಿಸಿ, ತುಟಿ ಪಿಟಕ್ ಎನ್ನಬಾರದು ಎಂದಳು. ದೊಡ್ಡಕ್ಕ ಪೊರಕೆಯನ್ನು ಗೋಡೆಗೆ ಆನಿಸಿ, ಕೈ ಒರೆಸಿಕೊಂಡು, ನನ್ನ ಕುರ್ಚಿಯಲ್ಲಿ ಕೂತಳು. ಅವಳಿಗೆ ಓದು ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಆದರೆ ದಾರ ಓದಲು ಅಕ್ಷರ ಬೇಕಾಗಿಲ್ಲವಲ್ಲ! "ಬನ್ನಿ ಸಾರ್, ನೀವು ಆ ಮೂಲೆ. ನೀವು ಇಲ್ಲೇ ಬಾಗಿಲ ಹತ್ರ, ಹೆಂಗಿದ್ರೂ ಐದು ನಿಮಿಷಕ್ಕೊಂದ್ಸಲ ಏಳೋರು" ಎಂದು ಇಪ್ಪತ್ತು ನಿಮಿಷದಲ್ಲಿ ಮಹಡಿ ಪೂರ್ತಿ ಕೂರಿಸಿದಳು. ಹಾಲ್ ಎಷ್ಟು ಶಾಂತವಾಯಿತೆಂದರೆ ಕಿಟಕಿಯ ಬಳಿ ನನಗೆ ಗಡಿಯಾರದ ಸದ್ದು ಕೇಳುತ್ತಿತ್ತು. ನನಗೆ ಅಳು ಬಂತು, ಯಾರಿಗೂ ಕಾಣಲಿಲ್ಲ.

ಆದರೆ ಕೊನೆಯಲ್ಲಿ ತೊಡಕಾಯಿತು. ಪರೀಕ್ಷಕಿ ಬರೆದುಕೊಳ್ಳುತ್ತ, "ಈ ವಿಧಾನ ರೂಪಿಸಿದ್ದು ಯಾರು?" ಎಂದಳು. ಯಜಮಾನರು ಕಣ್ಣು ಮಿಟುಕಿಸದೆ, "ನಮ್ಮ ಕಂಪನಿಯ ತಂಡ ಮೇಡಂ" ಎಂದರು. "ಇಲ್ಲ, ನಾನು" ಎಂದೆ. ಆಕೆ ಇಬ್ಬರನ್ನೂ ನೋಡಿ, "ತಾರೀಕಿರೋ ಕಾಗದ ಏನಾದ್ರೂ ಇದ್ರೆ ಮೂರು ವಾರದೊಳಗೆ ಕೊಡಿ" ಎಂದಳು.

ಎರಡು ವರ್ಷದ ಹಿಂದೆ ಕೆಲಸ ಸಿಕ್ಕಾಗ ನಿನಗೊಂದು ಪತ್ರ ಬರೆದಿದ್ದೆ. ಅದು ಇದೆಯಾ? ಆದರೆ ಅದರಲ್ಲಿ ನಿಮ್ಮ ಎಕ್ಸ್‌ಚೇಂಜಿನಲ್ಲಿ ಎಲ್ಲರೂ ದಾರ ಕಟ್ಟುತ್ತಿದ್ದಿರಿ ಎಂದೂ ಬರೆದಿದ್ದೆ ಅನಿಸುತ್ತದೆ. ಎಲ್ಲರೂ ಮಾಡುತ್ತಿದ್ದದ್ದು ನನ್ನದು ಹೇಗಾಗುತ್ತದೆ ಎಂದು ಅವರು ಕೇಳಿದರೆ?

ಚೂಟಿ


2 ನವೆಂಬರ್ 2023

ಚೂಟಿ,

ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಪತ್ರ ಇದೆಯಾ ಎಂದು ಕೇಳುತ್ತೀಯಲ್ಲೇ! ನೀನು ಶಾಲೆಯಿಂದ ಬರೆದ ಮೊದಲ ಪತ್ರದಿಂದ ಹಿಡಿದು ಎಲ್ಲವೂ ತಾರೀಕಿನ ಪ್ರಕಾರ ಇದೆ, ಲಕೋಟೆಯ ಸಮೇತ, ಅಂಚೆ ಮುದ್ರೆಯ ಸಮೇತ. ಬೇಕಾದದ್ದು 14 ಜೂನ್. ಮುದ್ರೆ ಸ್ಪಷ್ಟವಾಗಿದೆ.

ಈಗ ಒಂದು ಮಾತು. ಎಲ್ಲರೂ ದಾರ ಕಟ್ಟುತ್ತಿರಲಿಲ್ಲ. ಮೊದಲು ಕಟ್ಟಿದವಳು ನಾನು. ಒಂದು ದಿನ ಹೆರಿಗೆ ನೋವಿನ ಕರೆಯೊಂದು ಬೋರ್ಡಿನ ತಪ್ಪಾದ ತೂತಿಗೆ ಹೋಗಿ ಡಾಕ್ಟರ್ ಬರುವುದು ತಡವಾಯಿತು. ಮಗು ತಾಯಿ ಇಬ್ಬರೂ ಬದುಕಿದರು, ಆದರೆ ನನಗೆ ನಿದ್ದೆ ಬರಲಿಲ್ಲ. ಮರುದಿನ ಹೊಲಿಗೆ ಡಬ್ಬಿಯಿಂದ ದಾರ ತೆಗೆದುಕೊಂಡು ಹೋದೆ. ಆರು ತಿಂಗಳಲ್ಲಿ ಉಳಿದವರೂ ಕಟ್ಟಿದರು. ನಮ್ಮ ಮೇಲ್ವಿಚಾರಕ ಅದನ್ನು ತನ್ನ ಯೋಜನೆ ಎಂದು ಮೇಲಕ್ಕೆ ಬರೆದ. ಅವನಿಗೆ ಪದಕ ಬಂತು. ಸಭೆಯಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ಆಟೊಮ್ಯಾಟಿಕ್ ಎಕ್ಸ್‌ಚೇಂಜು ಬಂದಾಗ ಪದಕದವನನ್ನು ಉಳಿಸಿಕೊಂಡು ದಾರದವಳನ್ನು ಮನೆಗೆ ಕಳಿಸಿದರು. ನಿಮ್ಮಪ್ಪನಿಗೆ ಕಣ್ಣು ನೋವು ಎಂದೆ. ಕಳಿಸಿದರು ಎಂದು ಹೇಳಲು ನಾಚಿಕೆಯಾಯಿತು. ಫೋನ್ ಮುಟ್ಟದಿರುವುದೂ ಅದಕ್ಕೇ, ಶಪಥ ಗಿಪಥ ಏನಿಲ್ಲ.

ನನ್ನ ಬಳಿ ಒಂದು ಚೂರು ಕಾಗದ ಇರಲಿಲ್ಲ. ಅದಕ್ಕೇ ನಿನ್ನ ಒಂದು ಚೂರನ್ನೂ ಎಸೆಯಲಿಲ್ಲ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಜೊತೆಗೆ ಇಟ್ಟಿದ್ದೇನೆ. ಕೊಡು ಅವರಿಗೆ. ಬಣ್ಣ ನನ್ನದು, ಅದನ್ನು ನಿನಗೆ ಬಿಟ್ಟುಕೊಟ್ಟಿದ್ದೇನೆ, ನೀನು ನಿನ್ನದೆನ್ನು. ಈ ಸಲ ಚಪ್ಪಾಳೆ ತಟ್ಟಬೇಡ.

ಅತ್ತೆ


24 ನವೆಂಬರ್ 2023

ಅತ್ತೆ,

ಗೆದ್ದೆವು!

ಆದೇಶ ಬಂತು. ಅದರಲ್ಲಿ ಹೀಗಿದೆ, ಬಾಯಿಪಾಠವಾಗಿದೆ ನನಗೆ: ಮೇಜು ಕುರ್ಚಿಯನ್ನು ಹಂಚಿಕೊಡುವುದರಿಂದ ಯಾವ ಸಂಸ್ಥೆಯೂ ಟೆಕ್ನಾಲಜಿ ಕಂಪನಿ ಆಗುವುದಿಲ್ಲ, ಅದಕ್ಕೊಂದು ಆ್ಯಪ್ ಅಂಟಿಸಿದರೂ ಆಗುವುದಿಲ್ಲ. ಆದರೆ ಈ ಮಹಡಿಯಲ್ಲಿ ಜಾಗ ಹಂಚಲು ಒಂದು ವಿಧಾನವಿದೆ, ರೂಪಿಸಿದವರಲ್ಲದೆ ಬೇರೆಯವರೂ ಕಲಿತು ನಡೆಸಬಲ್ಲ ವಿಧಾನ. ಅದೇ ಇಲ್ಲಿನ ತಂತ್ರಜ್ಞಾನ. ಅದು ಮುಂಭಾಗದ ಮೇಜಿನ ಉದ್ಯೋಗಿಯದ್ದು ಎಂಬುದಕ್ಕೆ 14 ಜೂನ್ 2021ರ ಪತ್ರ ಸಾಕ್ಷಿ. ಆಕೆಯ ಜೊತೆ ಲಿಖಿತ ಒಪ್ಪಂದ ಇರುವಷ್ಟು ಕಾಲ ಮಾತ್ರ ಈ ಸಂಸ್ಥೆ ಟೆಕ್ನಾಲಜಿ ಕಂಪನಿ.

ಓದಿದೆಯಾ? ನಾನಿದ್ದರೆ ಟೆಕ್ನಾಲಜಿ ಕಂಪನಿ, ನಾನಿಲ್ಲದಿದ್ದರೆ ಮದುವೆಗೆ ಕುರ್ಚಿ ಕೊಡುವವರ ಪೈಕಿ!

ಯಜಮಾನರು ಅವರಾಗಿಯೇ ನನ್ನ ಮೇಜಿಗೆ ಬಂದರು. ನಿಂತುಕೊಂಡೇ ಮಾತಾಡಿದರು. ನಾನು ಕೂರಿ ಎನ್ನಲಿಲ್ಲ, ಸ್ವಲ್ಪ ಹೊತ್ತು ಆ ಸುಖ ಅನುಭವಿಸಿದೆ, ಬೈಯಬೇಡ. ಷರತ್ತುಗಳನ್ನು ಬರೆದಿಟ್ಟಿದ್ದೆ. ಮುಂಭಾಗದ ಮೇಜು ಇರಬೇಕು. ದೊಡ್ಡಕ್ಕನಿಗೆ ಅದರ ಪಕ್ಕದಲ್ಲೇ ಎರಡನೇ ಕುರ್ಚಿ, ಪೊರಕೆಗೆ ಬೇರೆ ಜನ. ಎಂಜಿನಿಯರ್ ಮತ್ತೆ ಸ್ಟೂಲು ಹಾಕಿಕೊಂಡು ಕೂತು ಈ ಸಲ ಗಂಟನ್ನೂ ಕಲಿಯಬೇಕು, ಕಲಿಸಿದವರ ಹೆಸರು ಆ್ಯಪಿನಲ್ಲೂ ಇರಬೇಕು. ಓದಿ ತಲೆಯಾಡಿಸಿ, "ಆಯ್ತಮ್ಮ, ಮುಂದಿನ ವಾರ ಸಹಿ ಹಾಕ್ತೀನಿ" ಎಂದರು. ನಾನು ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟು, "ಈಗ ಹಾಕಿ ಸಾರ್" ಎಂದೆ. ಹಾಕಿದರು! ಸಿಡಿಲು ವಕೀಲರು ಎದ್ದು ನಿಂತು ಚಪ್ಪಾಳೆ ಹೊಡೆದರು, ಹಿಂದೆಯೇ ಹಾಲ್ ಪೂರ್ತಿ. ನೀಲಿ ದಾರದವರು ಕೂಡ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಮಾತು ಕೇಳಲಿಲ್ಲ. ಬಣ್ಣ ನಿನ್ನದೆನ್ನು ಎಂದಿದ್ದೆ, ನಾನು ಅನ್ನಲಿಲ್ಲ. ಮಂಡಳಿಯ ನೋಂದಣಿ ಪುಸ್ತಕದಲ್ಲಿ ರೂಪಿಸಿದವರು ಎಂಬಲ್ಲಿ ಎರಡು ಹೆಸರು ಬರೆಸಿದ್ದೇನೆ. ಹಲಗೆಯ ಮೇಲೂ ಹಿತ್ತಾಳೆಯ ಪಟ್ಟಿ ಹೊಡೆಸಿದ್ದೇನೆ, ಅದೇ ಎರಡು ಹೆಸರು, ಅದೇ ಕ್ರಮದಲ್ಲಿ. ಯಾರದ್ದು ಮೊದಲು ಎಂದು ನಾನು ಬರೆಯುವುದಿಲ್ಲ. ಬಂದು ನೋಡು.

ಚೂಟಿ


2 ಡಿಸೆಂಬರ್ 2023

ಚೂಟಿ,

ಬರುತ್ತೇನೆ, ಮೊಣಕಾಲು ಸ್ವಲ್ಪ ಒಪ್ಪಿದ ಕೂಡಲೇ. ಆದರೆ ಅಲ್ಲಿಯವರೆಗೆ ತಡೆಯಲು ಆಗಲಿಲ್ಲ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ, ನೀನು ಊಟದ ಡಬ್ಬಿ ತೊಳೆಯಲೋ ಎಲ್ಲಿಗೋ ಹೋಗಿದ್ದಾಗ, ನಿನ್ನ ಮೇಜಿನ ಫೋನ್ ಬಡಿಯಿತಲ್ಲ, ಅದು ನಾನೇ. ಪಕ್ಕದ ಮನೆಗೆ ಹೋಗಿ ಮಾಡಿದೆ. ಮೂವತ್ತೊಂದು ವರ್ಷದ ಮೇಲೆ ಫೋನ್ ಹಿಡಿದೆ. ಪಕ್ಕದ ಮನೆಯವಳು ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ದೊಡ್ಡಕ್ಕ ಎತ್ತಿದಳು. "ಯಾರು ಬೇಕಾಗಿತ್ತಮ್ಮ?" ಎಂದಳು. ಎಷ್ಟು ಚೆನ್ನಾಗಿ ಕೇಳಿದಳು ಗೊತ್ತಾ, ನಾವು ಎಕ್ಸ್‌ಚೇಂಜಿನಲ್ಲಿ ಕೇಳುತ್ತಿದ್ದ ಹಾಗೇ.

"ಯಾರೂ ಬೇಡ. ಆ ಹಲಗೆ ಮೇಲೆ ಹಿತ್ತಾಳೆ ಪಟ್ಟಿ ಇದೆಯಲ್ಲ, ಅದರಲ್ಲಿ ಏನು ಬರೆದಿದೆ, ಸ್ವಲ್ಪ ಓದ್ತೀಯಾ?" ಎಂದೆ.

ಅವಳು ಫೋನ್ ಕೆಳಗಿಟ್ಟು ಹತ್ತಿರ ಹೋಗಿ ನೋಡಿ ಬಂದಳು. ಆಮೇಲೆ ಅಕ್ಷರ ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ, ಮೊದಲನೇ ಹೆಸರು ಓದಿದಳು.

"ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಓದಮ್ಮ" ಎಂದೆ. ಕೇಳಿಸಿತ್ತು.

ಅತ್ತೆ